ಕೈಕೊಡುತ್ತಿರುವ ಲ್ಯಾಪ್‌ಟಾಪ್‌ನಿಂದ ಫೈಲ್‌ಗಳನ್ನು ಉಳಿಸಿಕೊಂಡು ವಿಂಡೋಸ್ ಮರಳಿ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10 ಅಥವಾ 11 ಇರುವ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ನಿಧಾನವಾದಾಗ, ಕೆಲಸದ ನಡುವೆ ನಿಂತುಹೋದಾಗ ಅಥವಾ ಆನ್ ಆಗಲು ಸತಾಯಿಸತೊಡಗಿದಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲಸ ನಡೆಯಬೇಕಾದ ಕ್ರಮದಲ್ಲಿಯೇ ಉತ್ತರಗಳನ್ನು ಜೋಡಿಸಿದ್ದೇನೆ. ನಿಮ್ಮ ಲ್ಯಾಪ್‌ಟಾಪ್ ಈಗಾಗಲೇ ತೊಂದರೆ ಕೊಡುತ್ತಿದ್ದರೆ ದಯವಿಟ್ಟು ಅದನ್ನು ಆಫ್ ಮಾಡಿಟ್ಟು, ಮೊದಲ ಮೂರು ಉತ್ತರಗಳನ್ನಾದರೂ ಮೊಬೈಲಿನಲ್ಲಿ ಓದಿದ ಮೇಲೆ ಮುಂದುವರಿಯಿರಿ.

ತೊಂದರೆ ವಿಂಡೋಸ್‌ನದೋ ಡಿಸ್ಕ್‌ನದೋ ಎಂದು ತಿಳಿಯುವುದು ಹೇಗೆ?

ಈ ವ್ಯತ್ಯಾಸ ಬಹಳ ಮುಖ್ಯ. ಕೆಟ್ಟಿರುವುದು ವಿಂಡೋಸ್ ಆಗಿದ್ದರೆ ಅದನ್ನು ಮರಳಿ ಹಾಕಿದಾಗ ಎಲ್ಲವೂ ಸರಿಹೋಗುತ್ತದೆ. ಕೆಟ್ಟಿರುವುದು ಡಿಸ್ಕ್ ಆಗಿದ್ದರೆ ಅದೇ ಡಿಸ್ಕ್‌ಗೆ ಎಷ್ಟು ಬಾರಿ ವಿಂಡೋಸ್ ಹಾಕಿದರೂ ಕೆಲವೇ ದಿನಗಳಲ್ಲಿ ಹಳೆಯ ಕಾಟವೇ ಮರುಕಳಿಸುತ್ತದೆ. ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ 100% ಎಂದು ತೋರುತ್ತಿದ್ದರೂ ಓದುವ ವೇಗ ಕೆಲವೇ ಕೆಬಿಗಳಷ್ಟಿರುವುದು, ಒಳಗೆ ಫಲಕ ತಿರುಗುವ ಹಳೆಯ ಮಾದರಿಯ ಹಾರ್ಡ್‌ಡಿಸ್ಕ್‌ನಿಂದ ಒಂದೇ ಲಯದಲ್ಲಿ ಟಕ್ ಟಕ್ ಎಂಬ ಸದ್ದು ಬರುವುದು, ಇವೆಲ್ಲ ಡಿಸ್ಕ್ ಸೋಲುತ್ತಿರುವ ಲಕ್ಷಣಗಳು. ತಿರುಗುವ ಭಾಗಗಳಿಲ್ಲದೆ ಚಿಪ್‌ಗಳಲ್ಲಿ ಫೈಲ್‌ಗಳನ್ನಿಡುವ ಹೊಸ ಮಾದರಿಯ ಎಸ್‌ಎಸ್‌ಡಿ ಸದ್ದು ಮಾಡುವುದಿಲ್ಲ. ಅದು ಅನೇಕ ವೇಳೆ ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಬೆಳಗ್ಗೆ ಕಾಣೆಯಾಗಿಬಿಡುತ್ತದೆ.

ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶವು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಂಡಿರುವ ಸ್ಮಾರ್ಟ್ ದಾಖಲೆಯನ್ನು ಓದಿ ತೋರಿಸುತ್ತದೆ. ಹಾರ್ಡ್‌ಡಿಸ್ಕ್ ಆಗಿದ್ದರೆ 05, ಸಿ5 ಮತ್ತು ಸಿ6 ಎಂಬ ಸಾಲುಗಳನ್ನು ನೋಡಿ: ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರ್‌ಗಳ (ಡಿಸ್ಕ್‌ನ ಚಿಕ್ಕ ಚಿಕ್ಕ ತುಣುಕುಗಳ) ಎಣಿಕೆ, ಎರಡನೆಯದು ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವವುಗಳ ಎಣಿಕೆ, ಮೂರನೆಯದು ಸರಿಪಡಿಸಲಾಗದವುಗಳ ಎಣಿಕೆ. ಮೂರರಲ್ಲಿಯೂ ಕಡೆಯ ಕಾಲಮ್ ಸೊನ್ನೆಯೇ ಇರಬೇಕು. ಸಿ5 ಎದುರಿನ ಸಂಖ್ಯೆ ನಿನ್ನೆಗಿಂತ ಇಂದು ಹೆಚ್ಚಾಗಿದ್ದರೆ ಮುಂದಿನ ಯೋಚನೆಯನ್ನೆಲ್ಲ ಬದಿಗಿಟ್ಟು ಬ್ಯಾಕಪ್‌ಗೆ ಕೈಹಾಕಿ. ಆದರೆ ಈ ದಾಖಲೆ ‘ಗುಡ್’ ಎಂದು ಹೇಳಿದ ಮಾತ್ರಕ್ಕೆ ಡಿಸ್ಕ್ ನಿಜವಾಗಿಯೂ ಚೆನ್ನಾಗಿದೆ ಎಂದು ನಂಬುವಂತಿಲ್ಲ.

ಫ್ಯಾನ್‌ಗೆ ಧೂಳು ಕಟ್ಟಿಕೊಂಡು ಬಿಸಿಯಾಗಿ ತಾನಾಗಿಯೇ ಆಫ್ ಆಗುವುದು ಅಥವಾ ರ್‍ಯಾಮ್ ದೋಷದಿಂದ ನೀಲಿ ಪರದೆ ಬರುವುದು ಬೇರೆ ಕಾಯಿಲೆಗಳು. ಇವಕ್ಕೆ ವಿಂಡೋಸ್ ಮರಳಿ ಹಾಕುವುದು ಮದ್ದಲ್ಲ.

ಮೊದಲು ರಿಪೇರಿಯೋ, ಬ್ಯಾಕಪ್ಪೋ?

ಮೊದಲು ಬ್ಯಾಕಪ್. ಸೋಲುತ್ತಿರುವ ಡಿಸ್ಕ್‌ಗೆ ಎಷ್ಟು ಗಂಟೆಗಳ ಆಯುಷ್ಯ ಉಳಿದಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಉಳಿದಿರುವಷ್ಟನ್ನು ನಿಮ್ಮ ಫೈಲ್‌ಗಳನ್ನು ಓದಿ ಹೊರಗೆ ಸಾಗಿಸುವುದಕ್ಕೆ ಮಾತ್ರ ಖರ್ಚು ಮಾಡಬೇಕು. ಚದುರಿದ ಫೈಲ್‌ಗಳನ್ನು ಒಟ್ಟುಗೂಡಿಸುವ ಡಿಫ್ರಾಗ್, ಇಡೀ ಡಿಸ್ಕ್‌ನ ವೈರಸ್ ತಪಾಸಣೆ, ಬಾಕಿ ಉಳಿದ ವಿಂಡೋಸ್ ಅಪ್‌ಡೇಟ್, ಇವು ಯಾವುವೂ ಈಗ ಬೇಡ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಪ್ರತಿಯೊಂದು ಸೆಕ್ಟರನ್ನೂ ಓದಿ ಸರಿಪಡಿಸಲು ಹೊರಡುವ ಚೆಕ್‌ಡಿಸ್ಕ್ ಆದೇಶ.

ಇದನ್ನು ನಾನು ಕಲಿತದ್ದು ಕಳೆದುಕೊಂಡ ಮೇಲೆಯೇ. ಕೆಲವು ವರ್ಷಗಳ ಹಿಂದೆ ನನ್ನ ಲ್ಯಾಪ್‌ಟಾಪ್ ತಡವರಿಸತೊಡಗಿದಾಗ, ಮೊದಲು ಡಿಸ್ಕ್ ಸರಿಮಾಡಿ ಆಮೇಲೆ ನಿಧಾನವಾಗಿ ಕಾಪಿ ಮಾಡಿಕೊಳ್ಳೋಣ ಎಂದುಕೊಂಡು ರಾತ್ರಿ ಚೆಕ್‌ಡಿಸ್ಕ್ ಹಚ್ಚಿಟ್ಟು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಕಪ್ಪು ಪರದೆಯ ಮೇಲೆ, ಬೂಟ್ ಮಾಡಲು ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಅದರಲ್ಲಿ ನನ್ನ ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣವಿತ್ತು. ಹಿಂದಿನ ಸಂಜೆ ಹತ್ತೇ ನಿಮಿಷದಲ್ಲಿ ಒಂದು ಪೆನ್‌ಡ್ರೈವ್‌ಗೆ ಹೋಗಬಹುದಾಗಿದ್ದ ಫೋಲ್ಡರ್ ಅದು.

ನನ್ನ ಮುಖ್ಯ ಫೈಲ್‌ಗಳೆಲ್ಲ ಡಿ ಡ್ರೈವ್‌ನಲ್ಲಿವೆ. ಅಷ್ಟು ಸಾಲದೇ?

ಸಾಲದು. ನಮ್ಮಲ್ಲಿ ಅಂಗಡಿಯವರು ವಿಂಡೋಸ್ ಹಾಕಿಕೊಡುವಾಗ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ವಿಭಾಗಿಸಿಕೊಡುವುದು ರೂಢಿಯಾಗಿರುವುದರಿಂದ, ಡಿ ಎಂಬುದು ಬೇರೆಯೇ ಆದ ಸುರಕ್ಷಿತ ಪೆಟ್ಟಿಗೆ ಎಂಬ ಭಾವನೆ ಬಹಳ ಜನರಲ್ಲಿ ಬೇರೂರಿದೆ. ಅದು ಒಂದೇ ಮನೆಯ ಎರಡು ಕೋಣೆಗಳಿದ್ದಂತೆ. ಮನೆಗೆ ಬೆಂಕಿ ಬಿದ್ದರೆ ಎರಡೂ ಉರಿಯುತ್ತವೆ. ಸಿ ಡ್ರೈವನ್ನು ಮಾತ್ರ ಫಾರ್ಮ್ಯಾಟ್ ಮಾಡಿದಾಗ ಡಿ ಉಳಿಯುತ್ತದೆ ಎಂಬುದು ನಿಜ, ಆದರೆ ಡಿಸ್ಕ್ ಸೋತಾಗ ಎರಡೂ ಒಟ್ಟಿಗೆ ಹೋಗುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಎಸ್‌ಎಸ್‌ಡಿ ಮತ್ತು ಹಾರ್ಡ್‌ಡಿಸ್ಕ್ ಎರಡೂ ಇದ್ದು, ಡಿ ನಿಜವಾಗಿಯೂ ಬೇರೆ ಡಿಸ್ಕ್ ಆಗಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಡಿಸ್ಕ್ 0, ಡಿಸ್ಕ್ 1 ಎಂದು ಎರಡು ಪಟ್ಟಿಗಳು ಕಾಣುತ್ತವೆಯೇ ಎಂದು ನೋಡಿ ಖಚಿತಪಡಿಸಿಕೊಳ್ಳಬಹುದು.

ಏನೇನನ್ನು ಕಾಪಿ ಮಾಡಿಕೊಳ್ಳಬೇಕು?

ಮರಳಿ ಪಡೆಯಲು ಸಾಧ್ಯವೇ ಇಲ್ಲದ್ದನ್ನು ಮೊದಲು, ಕಷ್ಟಪಟ್ಟು ಪಡೆಯಬಹುದಾದದ್ದನ್ನು ಆಮೇಲೆ, ಇಂಟರ್‌ನೆಟ್‌ನಲ್ಲಿ ಸಿಗುವುದನ್ನು ಕಡೆಗೆ ತೆಗೆದುಕೊಳ್ಳಿ. ಕುಟುಂಬದ ಫೋಟೋ, ಸ್ವಂತ ಬರವಣಿಗೆ, ಧ್ವನಿಮುದ್ರಣ, ಲೆಕ್ಕಪತ್ರ ಮೊದಲ ಸಾಲಿನವು. ಸಿನಿಮಾಗಳೂ ತಂತ್ರಾಂಶಗಳ ಇನ್‌ಸ್ಟಾಲರ್‌ಗಳೂ ಕಡೆಯ ಸಾಲಿನವು, ಅವುಗಳಿಗಾಗಿ ಸೋಲುತ್ತಿರುವ ಡಿಸ್ಕನ್ನು ದಣಿಸಬೇಡಿ.

ಸಿ ಡ್ರೈವ್‌ನಲ್ಲಿ ಯೂಸರ್ಸ್ ಎಂಬ ಫೋಲ್ಡರ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವೂ ಅದರಲ್ಲಿಯೇ ಇವೆ. ಡೆಸ್ಕ್‌ಟಾಪ್ ಕೂಡ ಸಿ ಡ್ರೈವ್‌ನ ಭಾಗ ಎಂಬುದನ್ನು ಮರೆತು, ಪರದೆಯ ಮೇಲೆ ಹರಡಿಕೊಂಡಿದ್ದ ವರ್ಷಗಳ ಕೆಲಸವನ್ನು ಫಾರ್ಮ್ಯಾಟ್‌ನಲ್ಲಿ ಕಳೆದುಕೊಂಡವರು ಅನೇಕರಿದ್ದಾರೆ. ವಾಟ್ಸ್ಯಾಪ್ ವೆಬ್ ಮೂಲಕ ಇಳಿಸಿಕೊಂಡ ದಾಖಲೆಗಳು ಡೌನ್‌ಲೋಡ್ಸ್‌ನಲ್ಲಿರುತ್ತವೆ. ಅದನ್ನು ಕಸದ ಬುಟ್ಟಿ ಎಂದುಕೊಂಡು ಬಿಟ್ಟುಬಿಡಬೇಡಿ. ಅಡಗಿಸಿಟ್ಟಿರುವ ಆ್ಯಪ್‌ಡೇಟಾ ಫೋಲ್ಡರ್‌ನಲ್ಲಿ ಬ್ರೌಸರ್‌ನ ಬುಕ್‌ಮಾರ್ಕ್‌ಗಳು, ಥಂಡರ್‌ಬರ್ಡ್ ಬಳಸುವವರಾದರೆ ಅವರ ಅಂಚೆಪೆಟ್ಟಿಗೆ ಇರುತ್ತವೆ. ಔಟ್‌ಲುಕ್‌ನ ಅಂಚೆಗಳಿರುವ ಪಿಎಸ್‌ಟಿ ಫೈಲ್ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್ ಎಂಬಲ್ಲಿ ಸಿಗುತ್ತದೆ.

ಟ್ಯಾಲಿ ಬಳಸುವ ಅಂಗಡಿಯವರೂ ಲೆಕ್ಕಿಗರೂ ಡೇಟಾ ಫೋಲ್ಡರ್ ಎಲ್ಲಿದೆ ಎಂಬುದನ್ನು ಟ್ಯಾಲಿಯ ಒಳಗಿನಿಂದಲೇ ನೋಡಿ ಬರೆದುಕೊಳ್ಳಬೇಕು, ಏಕೆಂದರೆ ಅದು ನಿಮ್ಮ ಹೆಸರಿನ ಫೋಲ್ಡರ್‌ನ ಹೊರಗೆ ಇರುವ ಸಾಧ್ಯತೆಯೇ ಹೆಚ್ಚು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇರುವವರು ಗಾಬರಿಪಡಬೇಕಿಲ್ಲ. ಸಹಿಯ ಕೀಲಿ ಟೋಕನ್‌ನಲ್ಲಿಯೇ ಇರುತ್ತದೆ, ಹೊಸ ವಿಂಡೋಸ್‌ನಲ್ಲಿ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹಾಕಿದರೆ ಸಾಕು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಫೈಲ್ ರೂಪದಲ್ಲಿ ಹೊರತೆಗೆದರೆ ಅವು ಯಾರು ಬೇಕಾದರೂ ಓದುವಂತಿರುತ್ತವೆ, ಆದ್ದರಿಂದ ಕೆಲಸ ಮುಗಿದ ಕೂಡಲೇ ಆ ಫೈಲನ್ನು ಅಳಿಸಿಬಿಡಿ.

ನುಡಿ ಮತ್ತು ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳಲ್ಲಿ ಬರೆದ ಹಳೆಯ ಫೈಲ್‌ಗಳು ಹೊಸ ವಿಂಡೋಸ್‌ನಲ್ಲಿ ತೆರೆಯುತ್ತವೆಯೇ?

ತೆರೆಯುತ್ತವೆ, ಆದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸುಮೇಲೋಗರವಾದಂತೆ ಕಾಣುತ್ತದೆ. ಫೈಲ್ ಹಾಳಾಯಿತೆಂದು ಭಾವಿಸಿ ಅಳಿಸಿಹಾಕಿದವರನ್ನೂ ಬಲ್ಲೆ. ಅದು ಹಾಳಾಗಿರುವುದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ಇದ್ದ ಈ ವಿಧಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿರುತ್ತದೆ. ಫೈಲ್‌ನಲ್ಲಿ ದಾಖಲಾಗಿರುವುದು ಆ ಸಂಕೇತಗಳು ಮಾತ್ರ, ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ವಿಂಡೋಸ್ ಮರಳಿ ಹಾಕಿದಾಗ ಆ ಫಾಂಟ್ ಅಳಿದುಹೋಗಿರುತ್ತದೆ, ಅಷ್ಟೇ.

ಆದ್ದರಿಂದ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹೋಗಿ ನುಡಿ ಎಂದು ಆರಂಭವಾಗುವ ಫಾಂಟ್‌ಗಳನ್ನೂ ಬರಹದ ಬಿಆರ್‌ಎಚ್ ಸರಣಿಯ ಫಾಂಟ್‌ಗಳನ್ನೂ ಬೇರೆ ಫೋಲ್ಡರ್‌ಗೆ ಕಾಪಿ ಮಾಡಿಕೊಳ್ಳಿ. ಪತ್ರಿಕೆ, ಮುದ್ರಣದ ಕೆಲಸ ಮಾಡುವವರಿಗೆ ಶ್ರೀಲಿಪಿಯಂತಹ ತಂತ್ರಾಂಶಗಳ ಫಾಂಟ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಸ ವಿಂಡೋಸ್‌ನಲ್ಲಿ ಫಾಂಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಹಳೆಯ ಕನ್ನಡ ಹಾಗೆಯೇ ಮರಳುತ್ತದೆ. ಸಮಯವಾದಾಗ ಈ ಬರಹಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳುವುದು ಒಳ್ಳೆಯದು, ಆದರೆ ಮೂಲವನ್ನು ಅಳಿಸದೆ. ಒತ್ತಕ್ಷರಗಳಲ್ಲಿಯೂ ಅರ್ಕಾವತ್ತಿನಲ್ಲಿಯೂ ಪರಿವರ್ತಕಗಳು ಎಡವುವುದುಂಟು.

ಯೂನಿಕೋಡ್‌ನಲ್ಲಿರುವ ಬರವಣಿಗೆಗೆ ಈ ತೊಡಕಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ನಿರ್ಮಲಾ ಯುಐ ಫಾಂಟ್ ಮೊದಲಿನಿಂದಲೂ ಇರುತ್ತದೆ. ತುಂಗಾ ಮಾತ್ರ ಈಗ ಐಚ್ಛಿಕ ಸೌಲಭ್ಯವಾಗಿದ್ದು, ಕನ್ನಡದ ಪೂರಕ ಫಾಂಟ್‌ಗಳನ್ನು ಸೆಟ್ಟಿಂಗ್ಸ್‌ನಿಂದ ಸೇರಿಸಿಕೊಂಡಾಗ ಬರುತ್ತದೆ.

ಒನ್‌ಡ್ರೈವ್‌ನಲ್ಲಿ ಎಲ್ಲವೂ ಇದೆಯಲ್ಲ, ಮತ್ತೇಕೆ ಕಾಪಿ?

ಇದೆಯೇ ಎಂದು ನೋಡಿದ್ದೀರಾ? ಉಚಿತ ಒನ್‌ಡ್ರೈವ್ ಕೊಡುವುದು 5 ಜಿಬಿ ಮಾತ್ರ. ಅದು ತುಂಬಿದ ದಿನದಿಂದ ಹೊಸ ಫೈಲ್‌ಗಳು ಮೇಲೇರುವುದು ನಿಂತಿರುತ್ತದೆ. ಮೊಬೈಲಿನಲ್ಲಿ ಒನ್‌ಡ್ರೈವ್ ತೆರೆದು, ಕಳೆದ ವಾರ ಬರೆದ ಒಂದು ಫೈಲ್ ಅಲ್ಲಿದೆಯೇ ಎಂದು ಪರೀಕ್ಷಿಸಿ. ಲ್ಯಾಪ್‌ಟಾಪ್‌ನಲ್ಲಿ ಮೋಡದ ಗುರುತು ಇರುವ ಫೈಲ್‌ಗಳು ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ಹೆಸರು ಮಾತ್ರ ಇರುತ್ತದೆ. ಇಂಥವನ್ನು ಬೇರೆ ಕಂಪ್ಯೂಟರ್‌ನಿಂದ ಇಳಿಸಿಕೊಳ್ಳಿ, ಸೋಲುತ್ತಿರುವ ಡಿಸ್ಕ್‌ಗೆ ಇಳಿಸಬೇಡಿ.

ಎಂತಹ ಡ್ರೈವ್‌ಗೆ ಕಾಪಿ ಮಾಡಬೇಕು? ಎಷ್ಟು ಹೊತ್ತು ಹಿಡಿಯುತ್ತದೆ?

ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿ ಉತ್ತಮ. ಪೆನ್‌ಡ್ರೈವ್ ತುರ್ತಿಗೆ ಆದೀತು. ಎಫ್‌ಎಟಿ32 ಎಂಬ ಹಳೆಯ ಫೈಲ್ ಜೋಡಣೆಯ ವಿಧಾನದಲ್ಲಿರುವ ಪೆನ್‌ಡ್ರೈವ್ 4 ಜಿಬಿ ಮುಟ್ಟುವ ಒಂಟಿ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಮದುವೆಯ ವಿಡಿಯೋ ಕಾಪಿ ಆಗದೇ ಇರುವುದಕ್ಕೆ ಬಹುತೇಕ ಇದೇ ಕಾರಣ. ಅದನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ವಿಧಾನಕ್ಕೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಹಳೆಯ ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಸಾಗುವುದರಿಂದ 100 ಜಿಬಿಗೆ ಹತ್ತಿರಹತ್ತಿರ ಒಂದು ಗಂಟೆ ಬೇಕು. ಇದು ಆರೋಗ್ಯವಾಗಿರುವ ಡಿಸ್ಕ್‌ನ ಲೆಕ್ಕ.

ಕಾಪಿ ಮಧ್ಯದಲ್ಲಿಯೇ ನಿಂತುಹೋಗುತ್ತದೆ. ಏನು ಮಾಡಲಿ?

ಹಸಿರು ಪಟ್ಟಿ ಅರ್ಧದವರೆಗೆ ಓಡಿ, ವೇಗದ ಗೆರೆ ಸೊನ್ನೆಗೆ ಕುಸಿದು, ಡಿಸ್ಕ್ ಒಳಗಿನಿಂದ ಕೆರೆಯುವ ಸದ್ದು ಕೇಳತೊಡಗಿದರೆ ಕೆಟ್ಟ ಸೆಕ್ಟರ್ ಸಿಕ್ಕಿದೆ ಎಂದರ್ಥ. ಇಡೀ ಡ್ರೈವನ್ನು ಒಂದೇ ಬಾರಿಗೆ ಎಳೆಯದೆ ಒಂದೊಂದೇ ಫೋಲ್ಡರ್ ತೆಗೆದುಕೊಳ್ಳಿ. ಸಿಕ್ಕಿಹಾಕಿಕೊಂಡ ಫೋಲ್ಡರನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ವಿಂಡೋಸ್‌ನಲ್ಲಿಯೇ ಇರುವ ರೋಬೋಕಾಪಿ ಎಂಬ ಕಾಪಿ ಆದೇಶ ಈ ಕೆಲಸಕ್ಕೆ ಬಹಳ ಅನುಕೂಲ, ಆದರೆ ಓದಲಾಗದ ಫೈಲನ್ನು ಅದು ತಾನಾಗಿಯೇ 10 ಲಕ್ಷ ಬಾರಿ, ಪ್ರತಿ ಬಾರಿಗೂ 30 ಸೆಕೆಂಡ್ ಬಿಟ್ಟು ಪ್ರಯತ್ನಿಸುವಂತೆ ನಿಗದಿಯಾಗಿದೆ. ಆದೇಶ ಕೊಡುವಾಗಲೇ ಮರುಪ್ರಯತ್ನವನ್ನು 1ಕ್ಕೂ ಕಾಯುವ ಸಮಯವನ್ನು 1 ಸೆಕೆಂಡಿಗೂ ಇಳಿಸುವುದು ಕಡ್ಡಾಯ.

ಕೆಟ್ಟ ಸೆಕ್ಟರ್‌ಗಳು ಬಹಳವಿದ್ದರೆ ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಓಡುವ ಗ್ನೂ ಡಿಡಿರೆಸ್ಕ್ಯೂ ನನಗೆ ಅತ್ಯಂತ ನಂಬಿಕೆಯ ಸಾಧನ. ಅದು ಇಡೀ ಡಿಸ್ಕ್‌ನ ಪಡಿಯಚ್ಚನ್ನು ಬೇರೆ ಡಿಸ್ಕ್‌ಗೆ ಇಳಿಸುವಾಗ ಸುಲಭವಾಗಿ ಓದಬರುವುದನ್ನೆಲ್ಲ ಮೊದಲು ತೆಗೆದುಕೊಂಡು, ಕೆಟ್ಟ ಜಾಗಗಳಿಗೆ ಕಡೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದಿದ್ದೇನೆ ಎಂಬುದನ್ನು ಒಂದು ನಕ್ಷೆಯ ಫೈಲ್‌ನಲ್ಲಿ ಬರೆದಿಡುವುದರಿಂದ ಮಧ್ಯದಲ್ಲಿ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಅದಲುಬದಲು ಮಾಡಿದರೆ ಇರುವುದೂ ಅಳಿದುಹೋಗುತ್ತದೆ, ಆದ್ದರಿಂದ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ವಿಂಡೋಸ್ ತೆರೆಯುವುದೇ ಇಲ್ಲ. ಫೈಲ್‌ಗಳು ಹೋದಂತೆಯೇ?

ಹಾಗೇನಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ಲಿನಕ್ಸ್ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದ ಮೂಲಕ ಪೆನ್‌ಡ್ರೈವ್‌ಗೆ ಬರೆದು, ನಿಮ್ಮ ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವ್‌ನಿಂದ ಆರಂಭಿಸಿ. ಡೆಲ್ ಮತ್ತು ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀಲಿಯಿಂದ, ಯಾವುದರಿಂದ ಆರಂಭಿಸಬೇಕೆಂದು ಕೇಳುವ ಬೂಟ್ ಪಟ್ಟಿ ಬರುತ್ತದೆ. ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟದೆ ‘ಟ್ರೈ’ ಎಂಬುದನ್ನು ಆರಿಸಿದರೆ ಡಿಸ್ಕ್‌ಗೆ ಏನನ್ನೂ ಬರೆಯದೆ ಲಿನಕ್ಸ್ ತೆರೆದುಕೊಳ್ಳುತ್ತದೆ, ಫೈಲ್‌ಗಳು ಕಂಡರೆ ಕಾಪಿ ಮಾಡಿಕೊಳ್ಳಬಹುದು.

ಡಿಸ್ಕನ್ನು ಲ್ಯಾಪ್‌ಟಾಪ್‌ನಿಂದ ಹೊರತೆಗೆದು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಬೇರೆ ಕಂಪ್ಯೂಟರ್‌ಗೆ ಜೋಡಿಸುವುದು ಇನ್ನೊಂದು ದಾರಿ. ಬೆಂಗಳೂರಿನ ಎಸ್‌ಪಿ ರಸ್ತೆಯಂತಹ ಕಡೆ ಇಂತಹ ಕೇಸ್‌ಗಳು ಸುಲಭವಾಗಿ ಸಿಗುತ್ತವೆ. ಆದರೆ 2.5 ಇಂಚಿನ ಸಾಟಾ ಡಿಸ್ಕ್‌ಗೆ ಒಂದು ಬಗೆ, ಉದ್ದನೆಯ ತೆಳು ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಗೆ ಇನ್ನೊಂದು ಬಗೆ ಬೇಕು. ಡಿಸ್ಕ್‌ನ ಫೋಟೋ ತೆಗೆದುಕೊಂಡು ಹೋಗಿ.

48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತಿದೆ. ನಾನು ಅದನ್ನು ಹಾಕಿಯೇ ಇರಲಿಲ್ಲ.

ನೀವು ಹಾಕದಿದ್ದರೂ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕುವ ಡಿವೈಸ್ ಎನ್‌ಕ್ರಿಪ್ಶನ್ (ಬಿಟ್‌ಲಾಕರ್‌ನದೇ ಒಂದು ರೂಪ) ತಾನಾಗಿಯೇ ಚಾಲೂ ಆಗಿರುತ್ತದೆ. ಡಿಸ್ಕನ್ನು ಹೊರತೆಗೆದು ಓದಲು ಹೋದರೂ, ಲಿನಕ್ಸ್‌ನಿಂದ ತೆರೆದರೂ ಈ ಕೀ ಬೇಕು. ಬೇರೆ ಕಂಪ್ಯೂಟರ್ ಅಥವಾ ಮೊಬೈಲ್‌ನಿಂದ ಅದೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಸಾಧನಗಳ ಪುಟದಲ್ಲಿ ರಿಕವರಿ ಕೀ ಹುಡುಕಿ. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವರು ತಮ್ಮ ಖಾತೆಯಿಂದ ಸಿದ್ಧಪಡಿಸಿಕೊಟ್ಟಿದ್ದರೆ ಕೀ ಅವರ ಖಾತೆಯಲ್ಲಿರಬಹುದು. ಕೀ ಇಲ್ಲದೆ ತೆರೆಯುವ ದಾರಿಯಿಲ್ಲ, ತೆರೆದುಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಲ್ಯಾಪ್‌ಟಾಪ್ ಇನ್ನೂ ನಡೆಯುತ್ತಿರುವವರು ಇಂದೇ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಬ್ಯಾಕಪ್ ಸರಿಯಾಗಿದೆ ಎಂದು ಯಾವಾಗ ಹೇಳಬಹುದು?

ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ ಮೇಲೆ. ಫೈಲ್ ಹೆಸರು ಕಂಡರೆ ಸಾಲದು; ಹತ್ತಾರು ಫೋಟೋ, ಒಂದೆರಡು ವಿಡಿಯೋಗಳ ಕಡೆಯ ಭಾಗ, ಟ್ಯಾಲಿಯ ಕಂಪನಿ, ಒಂದು ನುಡಿ ಫೈಲ್ ಇಷ್ಟನ್ನಾದರೂ ತೆರೆಯಿರಿ. ತೀರಾ ಮುಖ್ಯವಾದದ್ದನ್ನು ಎರಡನೆಯ ಡ್ರೈವ್‌ಗೂ ಹಾಕಿ. ಇಷ್ಟಾಗುವವರೆಗೆ ಫಾರ್ಮ್ಯಾಟ್ ಮಾತು ಬೇಡ: ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಫೋಟೋರೆಕ್‌ನಂತಹ ಸಾಧನಗಳಿಂದ ಒಂದಷ್ಟು ಮರಳಿ ಸಿಗಬಹುದು, ಆದರೆ ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಒಳಗೇ ಖಾಲಿ ಮಾಡಿಬಿಡುವ ಟ್ರಿಮ್ ವ್ಯವಸ್ಥೆಯಿಂದಾಗಿ ಆ ಆಸೆ ಇಟ್ಟುಕೊಳ್ಳುವಂತಿಲ್ಲ.

ರೀಸೆಟ್ ಮಾಡಲೇ, ಹೊಸದಾಗಿ ಹಾಕಲೇ? ಅದೇ ಡಿಸ್ಕ್‌ಗೆ ಹಾಕಬಹುದೇ?

ಡಿಸ್ಕ್ ಆರೋಗ್ಯವಾಗಿದ್ದು ವಿಂಡೋಸ್ ಮಾತ್ರ ಕೆಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿರುವ ರೀಸೆಟ್ ಸಾಕಾಗುತ್ತದೆ. ‘ಕೀಪ್ ಮೈ ಫೈಲ್ಸ್’ ಎಂಬ ಆಯ್ಕೆ ಫೈಲ್‌ಗಳನ್ನು ಉಳಿಸಿ ತಂತ್ರಾಂಶಗಳನ್ನು ತೆಗೆದುಹಾಕುತ್ತದೆ; ಅದನ್ನು ಬ್ಯಾಕಪ್ ಎಂದು ಮಾತ್ರ ತಿಳಿಯಬಾರದು. ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್‌ಗಳಿದ್ದರೆ ಹೊಸ ಎಸ್‌ಎಸ್‌ಡಿ ಕೊಂಡು ಅದಕ್ಕೆ ವಿಂಡೋಸ್ ಹಾಕಿಸಿ. ಹಾರ್ಡ್‌ಡಿಸ್ಕ್ ಇದ್ದ ಐದಾರು ವರ್ಷ ಹಳೆಯ ಲ್ಯಾಪ್‌ಟಾಪ್ ಎಸ್‌ಎಸ್‌ಡಿ ಹಾಕಿದ ಮೇಲೆ ಕೊಂಡ ದಿನಕ್ಕಿಂತಲೂ ಚುರುಕಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಯಾವ ಆವೃತ್ತಿ ಎಂಬ ಪ್ರಶ್ನೆಗೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಇದು ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಆರಂಭ. ಅದಕ್ಕಿಂತ ಹಳೆಯದಾದರೆ, ಬ್ರೌಸರ್ ಮತ್ತು ಬರವಣಿಗೆಗಷ್ಟೇ ಬಳಸುವವರಿಗೆ ಲಿನಕ್ಸ್ ಮಿಂಟ್ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ಹೊಸದಾಗಿ ವಿಂಡೋಸ್ ಕೊಳ್ಳಬೇಕೇ?

ಲ್ಯಾಪ್‌ಟಾಪ್ ಜೊತೆಗೆ ಅಧಿಕೃತ ವಿಂಡೋಸ್ ಬಂದಿದ್ದರೆ ಬೇಡ. ಪರವಾನಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿದರೂ ಅದೇ ಆವೃತ್ತಿಯನ್ನು, ಹೋಮ್ ಇದ್ದರೆ ಹೋಮ್ ಅನ್ನೇ, ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದಾಗ ತಾನಾಗಿಯೇ ಸಕ್ರಿಯವಾಗುತ್ತದೆ. ಜೊತೆಗೆ ಬಂದ ಆಫೀಸ್ ನೀವು ಮೊದಲು ಬಳಸಿದ ಮೈಕ್ರೋಸಾಫ್ಟ್ ಖಾತೆಗೆ ಸೇರಿರುತ್ತದೆ. ಆ ಖಾತೆಯ ಇಮೇಲ್ ಯಾವುದು ಎಂಬುದನ್ನು ಈಗಲೇ ನೋಡಿಟ್ಟುಕೊಳ್ಳಿ.

ಹಾಕುವಾಗ ಯಾವುದರ ಬಗ್ಗೆ ಎಚ್ಚರವಿರಬೇಕು?

ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಸಿದ್ಧಪಡಿಸಿಕೊಳ್ಳಿ. ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ, ಹಾಗಾಗಿ ಬ್ಯಾಕಪ್ ಇರುವ ಪೆನ್‌ಡ್ರೈವನ್ನು ಇದಕ್ಕೆ ಬಳಸಬೇಡಿ. ಹಾಕುವುದಕ್ಕೆ ಕೂರುವ ಮುನ್ನ ಬ್ಯಾಕಪ್ ಡ್ರೈವನ್ನು ಕಳಚಿ ಬೀರುವಿನಲ್ಲಿಡಿ. ಪಟ್ಟಿಯಲ್ಲಿ ಎರಡು ಡಿಸ್ಕ್ ಕಂಡಾಗ ತಪ್ಪಾದದ್ದನ್ನು ಅಳಿಸಿ ಅತ್ತವರಿದ್ದಾರೆ.

ಇಂಟೆಲ್‌ನ ಹನ್ನೊಂದನೆಯ ತಲೆಮಾರಿನಿಂದೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ, ಎಲ್ಲಿ ಹಾಕಬೇಕು ಎಂದು ಕೇಳುವ ಪರದೆಯಲ್ಲಿ ಡಿಸ್ಕ್ ಕಾಣುವುದೇ ಇಲ್ಲ. ಡಿಸ್ಕ್ ಸತ್ತಿದೆ ಎಂದು ಭಾವಿಸಬೇಡಿ. ತಯಾರಕರ ಜಾಲತಾಣದಿಂದ ನಿಮ್ಮ ಮಾದರಿಯ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಡಿಸಿ (ಎಕ್ಸ್‌ಟ್ರ್ಯಾಕ್ಟ್ ಮಾಡಿ), ಪೆನ್‌ಡ್ರೈವ್‌ಗೆ ಹಾಕಿಕೊಂಡು ಲೋಡ್ ಡ್ರೈವರ್ ಒತ್ತಿದರೆ ಕಾಣುತ್ತದೆ. ವೈಫೈ ಡ್ರೈವರನ್ನೂ ಜೊತೆಗಿಟ್ಟುಕೊಳ್ಳಿ, ಏಕೆಂದರೆ ವಿಂಡೋಸ್ 11 ಹಾಕುವಾಗಲೇ ಇಂಟರ್‌ನೆಟ್ ಕೇಳುತ್ತದೆ. ಇಲ್ಲದಿದ್ದರೆ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಟ್ಟರೂ ನಡೆಯುತ್ತದೆ.

ಕರೆಂಟ್ ವಿಷಯ ಮರೆಯಬೇಡಿ. ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿದ್ದರೆ ಒಂದು ಕ್ಷಣ ಕರೆಂಟ್ ಹೋದರೂ ಕೆಲಸ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಯುಪಿಎಸ್ ಇರುವ ಕಡೆ ಕುಳಿತು ಮಾಡಿ.

ಅಂಗಡಿಗೆ ಕೊಡುವುದಾದರೆ ಏನು ಹೇಳಬೇಕು?

‘ಫಾರ್ಮ್ಯಾಟ್ ಮಾಡುವ ಮುನ್ನ ನನ್ನನ್ನು ಕೇಳಿ’ ಎಂದು ಬಾಯಲ್ಲಿ ಹೇಳುವುದಲ್ಲದೆ ರಸೀದಿಯ ಮೇಲೆಯೂ ಬರೆಸಿ. ಸರ್ವಿಸ್ ಕೇಂದ್ರಗಳು ದತ್ತಾಂಶದ ಹೊಣೆ ಗ್ರಾಹಕರದ್ದು ಎಂದೇ ಷರತ್ತು ಹಾಕಿರುತ್ತವೆ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಿಸುವವರು ಅದನ್ನು ಹಿಂದಿರುಗಿಸದೇ ಇರಬಹುದು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಡಿಸ್ಕ್ ಯಾವುದರಲ್ಲಿಯೂ ಕಾಣುತ್ತಿಲ್ಲ, ಟಕ್ ಟಕ್ ಎನ್ನುತ್ತಿದೆ. ಇನ್ನೇನಾದರೂ ದಾರಿಯಿದೆಯೇ?

ಕೂಡಲೇ ಕರೆಂಟ್ ತೆಗೆಯಿರಿ. ಫ್ರಿಜ್‌ನಲ್ಲಿಡುವುದು, ತಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು, ಯಾವುದನ್ನೂ ಮಾಡಬೇಡಿ. ಓದುವ ಮೊನೆ ಫಲಕದಿಂದ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಒಂದು ಧೂಳಿನ ಕಣ ಸಾಕು, ಫಲಕ ಗೀರಿಹೋಗುತ್ತದೆ. ಇದು ಧೂಳುರಹಿತ ಕೊಠಡಿ ಇರುವ ದತ್ತಾಂಶ ಮರುಪಡೆಯುವ ಸಂಸ್ಥೆಗಳ ಕೆಲಸ, ಖರ್ಚು ಹೊಸ ಲ್ಯಾಪ್‌ಟಾಪ್‌ನ ಬೆಲೆಯನ್ನು ಮುಟ್ಟಬಹುದು. ಡಿಸ್ಕ್‌ನಲ್ಲಿ ಇರುವುದಕ್ಕೆ ಅಷ್ಟು ಬೆಲೆಯಿದೆಯೇ ಎಂಬುದನ್ನು ನೀವೇ ನಿರ್ಧರಿಸಬೇಕು.

ಎಲ್ಲ ಮುಗಿದ ಮೇಲೆ ಹಳೆಯ ಡಿಸ್ಕನ್ನು ಏನು ಮಾಡಲಿ?

ಮೂರು ತಿಂಗಳಾದರೂ ಇಟ್ಟುಕೊಳ್ಳಿ. ಬಿಟ್ಟುಹೋದ ಫೈಲ್ ನೆನಪಾಗುವುದು ಆದಾಯ ತೆರಿಗೆ ವಿವರ ಸಲ್ಲಿಸುವಾಗಲೋ ಮಕ್ಕಳ ಶಾಲೆಯ ದಾಖಲೆ ಬೇಕಾದಾಗಲೋ. ಮಲೆನಾಡು, ಕರಾವಳಿಯ ಕಡೆಯವರು ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಗುಜರಿಗೆ ಕೊಡುವಂತಾದಾಗ ಡಿಸ್ಕ್ ನಡೆಯುತ್ತಿದ್ದರೆ ಪೂರ್ತಿ ಅಳಿಸಿ, ನಡೆಯದಿದ್ದರೆ ಹಾರ್ಡ್‌ಡಿಸ್ಕ್‌ನ ಫಲಕಗಳ ಮೂಲಕ, ಎಸ್‌ಎಸ್‌ಡಿಯಾದರೆ ಒಳಗಿನ ಪ್ರತಿಯೊಂದು ಕಪ್ಪು ಚಿಪ್‌ನ ಮೂಲಕ ರಂಧ್ರ ಕೊರೆಸಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.